ಊಮ್ ಕೊರ್ನೀಸರ ಸಹಿ

ಹನ್ನೊಂದನೆಯ ಪುಟದಲ್ಲಿ ಎಲ್ಲಿ ಉಸಿರು ಎಳೆದುಕೊಳ್ಳಬೇಕು, ಯಾವ ಸಾಲಿನಿಂದ ಯಾವ ಸಾಲಿಗೆ ಹಾರಬೇಕು ಎಂದು ನೆಟಾ ಬೆಳಗಿನಿಂದ ನಾಲ್ಕು ಸಲ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿದ್ದಳು. ಕುರುಡರ ಕಿವಿ ಚುರುಕು. ಹಾರಿದ್ದು ಅವರಿಗೆ ಗೊತ್ತಾಗಬಾರದು. ಈಗ ಮಧ್ಯಾಹ್ನ ಎರಡೂವರೆಯ ಹೊತ್ತಿಗೆ, ಮಾರ್ಚ್ ತಿಂಗಳ ಕೊಳಕು ಹಿಮ ಕರಗಿ ಅಂಟುಮಣ್ಣಾಗಿದ್ದ ಕೆನಡಾದ ಲಿಂಡೆನ್‌ಟಾಲ್ ಎಂಬ ಊರಿನ ಬೀದಿಯಲ್ಲಿ ರಬ್ಬರು ಬೂಟುಗಳನ್ನು ಒಂದೊಂದಾಗಿ ಕಿತ್ತಿಡುತ್ತ ನಡೆಯುವಾಗಲೂ ಅವಳ ತುಟಿ ಅಲ್ಲಾಡುತ್ತಲೇ ಇತ್ತು. ಎದೆಗೆ ಅವಚಿಕೊಂಡಿದ್ದ ರಟ್ಟಿನ ಕಡತದಲ್ಲಿ ಹದಿನಾಲ್ಕು ಹಾಳೆಗಳಿದ್ದವು. ಡಾಕ್ಟರ್ ಕೊರ್ನೇಲಿಯಸ್ ಹಾರ್ಡರ್ ಅವರ ಜೀವನ ವೃತ್ತಾಂತ, ಅವರೇ ಬಾಯಲ್ಲಿ ಹೇಳಿ ಬರೆಸಿದ್ದು. ಲಿಂಡೆನ್‌ಟಾಲಿನ ಜನ ತಮ್ಮ ಬಾಳನ್ನು ತಾವೇ ಬರೆದಿಟ್ಟು ಸಹಿ ಹಾಕಿ ಸಾಯುತ್ತಾರೆ. ಮಣ್ಣಿಗಿಡುವ ದಿನ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಯಾರಾದರೂ ಅದನ್ನು ಓದುತ್ತಾರೆ. ನಾಲ್ಕು ವರ್ಷದ ಹಿಂದೆ ಅವರ ಕಣ್ಣು ಪೂರ್ತಿ ಹೋಗಿದ್ದರಿಂದ ಜನವರಿಯಿಂದ ಈಚೆಗೆ ವಾರಕ್ಕೆ ಎರಡು ಮಧ್ಯಾಹ್ನ ಅವರು ಹೇಳುವುದು, ಅವಳು ಟೈಪ್ ಮಾಡುವುದು ನಡೆದಿತ್ತು. ಓದುವವಳೂ ನೀನೇ ಆಗಬೇಕು ಎಂದಿದ್ದರು. "ನನ್ನ ವಾಕ್ಯ ಎಲ್ಲಿ ಮುಗಿಯತ್ತೆ ಅಂತ ನಿನಗೆ ಗೊತ್ತಿರೋಷ್ಟು ಕಟ್ಕೊಂಡ ಹೆಂಡ್ತಿ ಸಾರಾಗೂ ಗೊತ್ತಿಲ್ಲ ಕಣಮ್ಮ," ಎಂದು ನಕ್ಕಿದ್ದರು. ಮೂವತ್ತು ವರ್ಷ ಅವರ ಬೈಬಲ್ ಕಾಲೇಜಿನ ಕಚೇರಿಯಲ್ಲಿ ಕೂತು ಅವರ ಐದು ಪುಸ್ತಕಗಳನ್ನೂ ಸಾವಿರಾರು ಪತ್ರಗಳನ್ನೂ ಟೈಪ್ ಮಾಡಿದವಳು ಅವಳು, ಆಂಗನೆಟಾ ಪೆಟ್ಕೌ. ಮದುವೆಯಾಗದ ಐವತ್ತಾರರ ಹೆಂಗಸು. ಅವರ ವಾಕ್ಯ ಎಲ್ಲಿ ಮುಗಿಯುತ್ತದೆ ಎಂದು ನಿಜವಾಗಿಯೂ ಗೊತ್ತಿದ್ದುದರಿಂದಲೇ ಅವರು ಹೇಳದ ನಾಲ್ಕು ವಾಕ್ಯಗಳನ್ನು ಹನ್ನೊಂದನೆಯ ಪುಟದಲ್ಲಿ ಅವರದೇ ದನಿಯಲ್ಲಿ ಸೇರಿಸಲು ಅವಳಿಗೆ ಸಾಧ್ಯವಾಗಿತ್ತು.

'೧೯೪೨ರ ನವೆಂಬರಿನಲ್ಲಿ ಆರೋನ್ ಪೆಟ್ಕೌ ಎಂಬ ಯುವಕನ ಪರವಾಗಿ ನಾನು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಅವನು ಸತ್ತ. ಅವನ ಸಾವನ್ನು ಪಾಠ ಮಾಡಿ ಮೂವತ್ತು ವರ್ಷ ಉಂಡೆ.'

ಉಂಡೆ ಎಂಬ ಶಬ್ದ ಸಿಗಲು ಮೂರು ದಿನ ಹಿಡಿದಿತ್ತು. ಸಿಕ್ಕ ದಿನ ಅವಳು ಒಬ್ಬಳೇ ನಕ್ಕಿದ್ದಳು. ಮಣ್ಣಿಗಿಡುವ ದಿನ ಚರ್ಚಿನಲ್ಲಿ ಸಭೆ ತುಂಬಿರುತ್ತದೆ. ಎಡಗಡೆ ಗಂಡಸರು, ಬಲಗಡೆ ಹೆಂಗಸರು, ಹಿಂದಿನ ಸಾಲುಗಳಲ್ಲಿ ಹೊರಗಿನ ನಗರಗಳಿಂದ ಬಂದ ಪಂಡಿತರು, ಅವರ ಶಿಷ್ಯರು, ಶಿಷ್ಯರ ಶಿಷ್ಯರು. ಅವಳು ಓದುತ್ತ ಓದುತ್ತ ಆ ಪುಟಕ್ಕೆ ಬರುತ್ತಾಳೆ. ಅಲ್ಲಿ ಮಾತ್ರ ಸ್ವಲ್ಪ ನಿಧಾನ ಮಾಡುತ್ತಾಳೆ. ಯಾರೋ ಕೆಮ್ಮುತ್ತಾರೆ, ಆಮೇಲೆ ಕೆಮ್ಮೂ ಇರುವುದಿಲ್ಲ. ನೀನು ಸುಳ್ಳು ಸೇರಿಸಿದೆ ಎನ್ನಲು ಯಾರಿಂದಲೂ ಆಗದು, ಯಾಕೆಂದರೆ ಕೊನೆಯ ಪುಟದಲ್ಲಿ ಅವರ ಸಹಿ ಇರುತ್ತದೆ. ಸತ್ತವರು ಎದ್ದು ಬಂದು ಅಲ್ಲ ಎನ್ನುವುದಿಲ್ಲ. ಸೇಡನ್ನು ದೇವರಿಗೆ ಬಿಡಬೇಕು ಎಂದು ಆಕೆಯೂ ಚಿಕ್ಕಂದಿನಿಂದ ಕಲಿತವಳೇ. ಆದರೆ ದೇವರು ಮೂವತ್ತೇಳು ವರ್ಷ ತೆಗೆದುಕೊಂಡಿದ್ದ, ಮತ್ತು ಆ ಮೂವತ್ತೇಳರಲ್ಲಿ ಒಂದು ವರ್ಷವೂ ಊಮ್ ಕೊರ್ನೀಸರಿಗೆ, ಕಣ್ಣು ಹೋದದ್ದು ಬಿಟ್ಟರೆ, ನೆಗಡಿಗಿಂತ ಹೆಚ್ಚಿನ ಕಾಯಿಲೆ ಬಂದಿರಲಿಲ್ಲ.

ಕೊರ್ನೀಸ್ ಎಂದರೆ ಕೊರ್ನೇಲಿಯಸ್, ಊಮ್ ಎಂದರೆ ಮಾವ. ವೇದಿಕೆ ಹತ್ತಿ ಪ್ರಸಂಗ ಮಾಡುವ ಅಧಿಕಾರ ಸಿಕ್ಕವನು ಊರಿಗೆಲ್ಲ ಮಾವನಾಗುತ್ತಾನೆ. ಅವಳೂ ಹತ್ತೊಂಬತ್ತರಿಂದ ಹಾಗೆಯೇ ಕರೆಯುತ್ತ ಬಂದಿದ್ದಳು. ಕತ್ತಿ ಹಿಡಿಯದ ಧರ್ಮವನ್ನು ಕುರಿತು ಅವರು ಬರೆದ ಮೂರನೆಯ ಪುಸ್ತಕವೇ ಅವರಿಗೆ ಸಮುದ್ರದಾಚೆಗೂ ಹೆಸರು ತಂದದ್ದು. ಅದರ ನೂರ ಹನ್ನೆರಡನೆಯ ಪುಟದಲ್ಲಿ ಹೆಸರಿಲ್ಲದ ಒಬ್ಬ ರೈತಹುಡುಗ ಬರುತ್ತಾನೆ. ಯುದ್ಧಕ್ಕೆ ಹೋಗಲಾರೆ, ನಮ್ಮ ನಂಬಿಕೆ ಅದಕ್ಕೆ ಒಪ್ಪುವುದಿಲ್ಲ ಎಂದು ಬಿನ್ನವಿಸಿಕೊಳ್ಳಲು ನ್ಯಾಯಾಧೀಶರ ಮುಂದೆ ನಿಲ್ಲುತ್ತಾನೆ. ನ್ಯಾಯಾಧೀಶರು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಅವನಿಗೂ ಕೇಳುತ್ತಾರೆ: ನಿನ್ನ ತಂಗಿಯ ಮೇಲೆ ಯಾರಾದರೂ ಕೈಮಾಡಿದರೆ ಏನು ಮಾಡುತ್ತೀ? ಉಳಿದ ಹುಡುಗರು ಪ್ರಾರ್ಥಿಸುತ್ತೇನೆ, ಅಡ್ಡ ನಿಲ್ಲುತ್ತೇನೆ ಎಂದರೆ, ಈ ಹುಡುಗ ಹುಲ್ಲು ಎತ್ತುವ ಕವೆಗೋಲಿನಲ್ಲಿ ಬಾರಿಸುತ್ತೇನೆ ಎನ್ನುತ್ತಾನೆ. ತರಗತಿಯಲ್ಲಿ ಊಮ್ ಕೊರ್ನೀಸರು ಇಷ್ಟು ಹೇಳಿ ನಿಲ್ಲಿಸಿ ಕನ್ನಡಕ ಒರೆಸುತ್ತಿದ್ದರು. ಹುಡುಗರು ಗೊಳ್ಳೆಂದು ನಗುತ್ತಿದ್ದರು. ಆಮೇಲೆ ದನಿ ತಗ್ಗಿಸಿ, "ಅವನು ಕೆಟ್ಟವನಲ್ಲ. ಅವನ ನಂಬಿಕೆ ಬಾಯಿಯವರೆಗೆ ಬಂದಿತ್ತು, ಕೈಯವರೆಗೆ ಇಳಿದಿರಲಿಲ್ಲ," ಎನ್ನುತ್ತಿದ್ದರು. ಪಕ್ಕದ ಕಚೇರಿಗೂ ತರಗತಿಗೂ ನಡುವೆ ತೆಳ್ಳನೆ ಹಲಗೆಯ ಗೋಡೆ. ಪ್ರತಿ ನವೆಂಬರಿನಲ್ಲೂ ಆ ನಗೆ ಹಲಗೆಯನ್ನು ದಾಟಿ ಬಂದು ಅವಳ ಟೈಪ್‌ರೈಟರಿನ ಮೇಲೆ ಬೀಳುತ್ತಿತ್ತು. ಆ ತಂಗಿ ಅವಳೇ ಎಂದು ಹುಡುಗರಿಗೆ ಗೊತ್ತಿರಲಿಲ್ಲ. ಊಮ್ ಕೊರ್ನೀಸರಿಗೆ ಗೊತ್ತಿತ್ತು. ನೂರ ಹನ್ನೆರಡನೆಯ ಪುಟವನ್ನು ಟೈಪ್ ಮಾಡಲು ಕೊಟ್ಟ ದಿನ, "ನಿನಗೆ ಕಷ್ಟ ಆದ್ರೆ ಬೇರೆಯವರ ಹತ್ರ ಮಾಡಿಸ್ತೀನಿ," ಎಂದಿದ್ದರು. ಇಲ್ಲ, ಪರವಾಗಿಲ್ಲ ಎಂದಿದ್ದಳು. ಒಂದೂ ತಪ್ಪಿಲ್ಲದೆ ಟೈಪ್ ಮಾಡಿಕೊಟ್ಟಿದ್ದಳು. ತಪ್ಪಿಲ್ಲದೆ ಮಾಡಿದ್ದಕ್ಕಾಗಿಯೇ ಈಗಲೂ ಒಮ್ಮೊಮ್ಮೆ ತನ್ನ ಬೆರಳುಗಳನ್ನು ನೋಡಿದರೆ ಅವಳಿಗೆ ಹೇಸಿಗೆಯಾಗುತ್ತಿತ್ತು.

ಆ ಹುಡುಗ, ಅವಳ ಅಣ್ಣ ಆರೋನ್, ಹೇಳಿದ್ದು ಊಹೆಯ ಮಾತಾಗಿರಲಿಲ್ಲ. ಅದರ ಹಿಂದಿನ ಬೇಸಗೆಯಲ್ಲಿ, ಕೊಯ್ಲಿಗೆ ಬಂದಿದ್ದ ಹೊರಗಿನ ಆಳೊಬ್ಬ ಕೊಟ್ಟಿಗೆಯ ಹಿಂಭಾಗದಲ್ಲಿ ಅವಳನ್ನು ಗೋಡೆಗೆ ಒತ್ತಿ ಹಿಡಿದಿದ್ದ. ಬಾಯಿಗೆ ಅಡ್ಡ ಹಿಡಿದ ಅವನ ಅಂಗೈಯಲ್ಲಿ ಯಂತ್ರದ ಎಣ್ಣೆಯ ವಾಸನೆ. ಆರೋನ್ ಬಂದವನೇ ಕೈಯಲ್ಲಿದ್ದ ಕವೆಗೋಲಿನ ಹಿಡಿಯಿಂದ ಬಾರಿಸಿದ್ದ, ಆ ಮನುಷ್ಯನ ಭುಜದ ಮೂಳೆ ಮುರಿದಿತ್ತು. ಕೈಯೆತ್ತಿ ಹೊಡೆದವನು ಸಭೆಯ ಮುಂದೆ ನಿಂತು ತಪ್ಪೊಪ್ಪಿಕೊಳ್ಳಬೇಕು. ಆರೋನ್ ನಿಂತ. ಯಾಕೆ ಹೊಡೆದೆ ಎಂದು ಹಿರಿಯರು ಕೇಳಿದಾಗ ಅವನು ಹೆಂಗಸರ ಕಡೆ ತಲೆಯೆತ್ತಿಯೂ ನೋಡದೆ, "ಸಿಟ್ಟು ಬಂತು," ಎಂದಷ್ಟೇ ಹೇಳಿದ್ದ. ಅವಳು ಬೂಟಿನ ದಾರ ನೋಡುತ್ತ ಕೂತಿದ್ದಳು. ಎದ್ದು ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ಊರು ಅವಳನ್ನು ಯಾವ ಕಣ್ಣಿಂದ ನೋಡುತ್ತಿತ್ತೆಂದು ಅವನಿಗೂ ಗೊತ್ತಿತ್ತು, ಅವಳಿಗೂ. ಹಾಗಾಗಿ ನ್ಯಾಯಾಧೀಶರು ತಂಗಿ ಎಂದಾಗ ಅವನಿಗೆ ಸುಳ್ಳು ಹೇಳಲಾಗಲಿಲ್ಲ, ನಿಜ ವಿವರಿಸಲೂ ಆಗಲಿಲ್ಲ. ಅವನ ಅರ್ಜಿ ಬಿತ್ತು. ಎರಡು ತಿಂಗಳು ಜೈಲಿನಲ್ಲಿದ್ದ. ಆಮೇಲೆ ಬೇಸತ್ತು ಸಮವಸ್ತ್ರ ತೊಟ್ಟ. ನಲವತ್ತನಾಲ್ಕರ ಶರತ್ಕಾಲದಲ್ಲಿ ಹಾಲೆಂಡಿನ ಯಾವುದೋ ಕಾಲುವೆಯ ದಂಡೆಯ ಮೇಲೆ ಸತ್ತ. ಸಮವಸ್ತ್ರದಲ್ಲಿ ಸತ್ತವನ ಹೆಸರು ಸಭೆಯ ಪುಸ್ತಕದಲ್ಲಿ ಇರಕೂಡದೆಂದು ಹೊಡೆದುಹಾಕಿದರು. ಅಮ್ಮ ಸಾಯುವ ತನಕ ಪ್ರತಿ ಭಾನುವಾರವೂ ಹೋಗಿ ಬಲಗಡೆಯ ನಾಲ್ಕನೆಯ ಬೆಂಚಿನಲ್ಲಿ ಕೂತು ಬಂದಳು. ಯಾರೂ ಅವಳೊಂದಿಗೆ ಆರೋನನ ಹೆಸರೆತ್ತಲಿಲ್ಲ. ಹವಾಮಾನದ ಬಗ್ಗೆ ಮಾತಾಡಿದರು.

"ಬಂದ್ಯಾ? ಬೂಟು ಅಲ್ಲೇ ಬಿಡಮ್ಮ, ಈಗಷ್ಟೇ ನೆಲ ಒರೆಸಿದೀನಿ," ಎಂದು ಊಮ್ ಕೊರ್ನೀಸರ ಹೆಂಡತಿ ಟಾಂಟೆ ಸಾರಾ, ಎಂದರೆ ಸಾರಾ ಅತ್ತೆ, ಬಾಗಿಲು ತೆರೆದಳು. ಎಪ್ಪತ್ತೆಂಟರಲ್ಲೂ ಹಿಟ್ಟಿನ ಚೀಲ ಎತ್ತಬಲ್ಲ ಗಟ್ಟಿ ಹೆಂಗಸು. ನೆಟಾಳ ಕಾಲುಚೀಲದಲ್ಲಿ ಹೆಬ್ಬೆರಳಿನ ಹತ್ತಿರ ತೂತಿತ್ತು, ಸಾರಾಳ ಕಣ್ಣು ನೇರ ಅಲ್ಲಿಗೇ ಹೋಯಿತು. "ಇವತ್ತಿಗೆ ಮುಗಿಯತ್ತಾ ಇದು? ಬೆಳಗಿಂದ ಅವರಿಗೆ ಒಂದೇ ಚಡಪಡಿಕೆ. ಗಂಜಿನೂ ಸರಿಯಾಗಿ ಕುಡೀಲಿಲ್ಲ. ಸಾಯೋಕೆ ಇಷ್ಟೊಂದು ತಯಾರಿ ಮಾಡ್ಕೊಂಡ ಮನುಷ್ಯನ್ನ ನಾನು ನೋಡಿಲ್ಲ."

"ಮುಗಿಯತ್ತೆ ಟಾಂಟೆ ಸಾರಾ. ಸಹಿ ಒಂದೇ ಬಾಕಿ."

ಊಮ್ ಕೊರ್ನೀಸರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮೊಣಕಾಲಿಗೆ ಕಂಬಳಿ ಹೊದ್ದು, ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು ಕೂತಿದ್ದರು. ಅವಳ ಹೆಜ್ಜೆಯ ಸದ್ದಿಗೆ ಮುಖ ತಿರುಗಿಸಿದರು, ಆದರೆ ಸ್ವಲ್ಪ ಆಚೆಗೆ. ಅವಳ ಭುಜದ ಪಕ್ಕದಲ್ಲಿ ಇನ್ನೊಬ್ಬಳು ನಿಂತಿದ್ದಾಳೇನೋ ಎಂಬಂತೆ ನೋಡುವುದು ಅವರಿಗೆ ಕಣ್ಣು ಹೋದಾಗಿನಿಂದ ಅಭ್ಯಾಸ. ಕ್ಷೌರ ಮಾಡುವಾಗ ಸಾರಾ ಬಿಟ್ಟ ಬಿಳಿಕೂದಲಿನ ಒಂದು ಕುಚ್ಚು ಗಲ್ಲದ ಕೆಳಗೆ ಉಳಿದಿತ್ತು. ನೆಟಾಳಿಗೆ ಅದನ್ನು ನೋಡಿ ಸಣ್ಣದೊಂದು ತೃಪ್ತಿಯಾಯಿತು, ಕೂಡಲೇ ಆ ತೃಪ್ತಿಯ ಸಣ್ಣತನಕ್ಕೆ ನಾಚಿಕೆಯೂ ಆಯಿತು. ಟೈಪ್‌ರೈಟರಿದ್ದ ಮೇಜಿನ ಮುಂದೆ ಕೂತು ಓದತೊಡಗಿದಳು. ದಕ್ಷಿಣ ರಷ್ಯದ ಬಯಲಿನ ಹಳ್ಳಿಯಲ್ಲಿ ಹುಟ್ಟು. ಮೂರನೆಯ ಪುಟದಲ್ಲಿ ಅಂತರ್ಯುದ್ಧದ ಚಳಿಗಾಲ. ದರೋಡೆಕೋರರು ಅಪ್ಪನನ್ನು ಅಂಗಳಕ್ಕೆಳೆದು ಕೊಂದದ್ದು. ಇಪ್ಪತ್ತೊಂದರ ಮಗ ಬಾಗಿಲಲ್ಲಿ ಕೈಕಟ್ಟಿ ನಿಂತದ್ದು. 'ಅಂದು ನಾನು ನಿಂತದ್ದು ನಂಬಿಕೆಯಿಂದಲೋ ಹೆದರಿಕೆಯಿಂದಲೋ ಎಂದು ಈ ತನಕ ನನಗೆ ತಿಳಿದಿಲ್ಲ. ತಿಳಿಯಲೆಂದೇ ದೇವಶಾಸ್ತ್ರ ಓದಿದೆ.' ಫೆಬ್ರವರಿಯಲ್ಲಿ ಈ ಸಾಲನ್ನು ಟೈಪ್ ಮಾಡುವಾಗ ಅವಳ ಕಣ್ಣಲ್ಲಿ ನೀರು ಬಂದಿತ್ತು. ಮನೆಗೆ ಹೋಗಿ ಮುಖವನ್ನು ಒರಟು ಟವಲಿನಿಂದ ಚರ್ಮ ಕೆಂಪಾಗುವಂತೆ ಒರೆಸಿಕೊಂಡಿದ್ದಳು. ವೈರಿಗಾಗಿ ಅತ್ತದ್ದು ಅವನಿಗೆ ಹಸ್ತಲಾಘವ ಕೊಟ್ಟ ಹಾಗೆ. ಈಗ ಆ ಸಾಲನ್ನು ಹವಾಮಾನ ವರದಿಯಂತೆ ಓದಿದಳು. ಬರಗಾಲ, ಹಡಗು, ಕೆನಡಾ. ಸ್ವಿಟ್ಜರ್ಲೆಂಡಿನಲ್ಲಿ ಓದು, ಡಾಕ್ಟರ್ ಪದವಿ. ಆರು ವಿದ್ಯಾರ್ಥಿಗಳೊಂದಿಗೆ ಧಾನ್ಯದ ಕಣಜದಲ್ಲಿ ಶುರುವಾದ ಕಾಲೇಜು. ಹತ್ತನೆಯ ಪುಟ ಮುಗಿದು ಹನ್ನೊಂದನೆಯದು ಬಂತು. 'ಯುದ್ಧದ ವರ್ಷಗಳಲ್ಲಿ ನಮ್ಮ ಯುವಕರೊಂದಿಗೆ ನ್ಯಾಯಾಧೀಶರ ಮುಂದೆ ಹೋಗುವ ಭಾರವನ್ನು ಕರ್ತನು ನನ್ನ ಹೆಗಲಿಗೆ ಹೊರಿಸಿದನು' ಎಂದು ಓದಿ, ಉಸಿರೆಳೆದುಕೊಂಡು, ನಾಲ್ಕು ಸಾಲು ಹಾರಿ, 'ನಲವತ್ತಾರರಲ್ಲಿ ಕಾಲೇಜಿಗೆ ಇಟ್ಟಿಗೆಯ ಕಟ್ಟಡವಾಯಿತು' ಎಂದಳು.

ಊಮ್ ಕೊರ್ನೀಸರು ಮುಖ ತುಸು ಎತ್ತಿದರು. ಅವಳು ಕೊನೆಯವರೆಗೂ ಓದಿ, ಹದಿನಾಲ್ಕನೆಯ ಪುಟವನ್ನು ರಟ್ಟಿನ ಮೇಲಿಟ್ಟು ಅವರ ತೊಡೆಯ ಮೇಲಿರಿಸಿ, ಪೆನ್ನು ಕೊಟ್ಟು, ಎಡಗೈಯ ತೋರುಬೆರಳನ್ನು ಹಿಡಿದು ಜಾಗ ತೋರಿಸಿದಳು. ಬೆರಳು ತಣ್ಣಗಿತ್ತು, ಹಕ್ಕಿಯ ಕಾಲಿನ ಹಾಗೆ. ಅವರು ನಿಧಾನವಾಗಿ ಪೂರ್ತಿ ಹೆಸರು ಬರೆದರು. ಆಯಿತು. ಮೂವತ್ತೇಳು ವರ್ಷದ ಕೆಲಸ ಇಷ್ಟು ಸದ್ದಿಲ್ಲದೆ ಆಗಿಹೋಯಿತೇ ಎಂದು ಅವಳಿಗೆ ಆಶ್ಚರ್ಯ. ಹಾಳೆ ಎತ್ತಿಕೊಳ್ಳಲು ಬಗ್ಗಿದಾಗ ಅವರು ಅವಳ ಮಣಿಕಟ್ಟು ಹಿಡಿದರು.

"ಇನ್ನೊಂದು ಹಾಳೆ ಹಾಕು ನೆಟಾ."

"ಯಾಕೆ ಊಮ್ ಕೊರ್ನೀಸ್? ಎಲ್ಲಾ ಮುಗೀತಲ್ಲ."

"ಮುಗಿದಿಲ್ಲ. ಹನ್ನೊಂದನೇ ಪುಟದಲ್ಲಿ ಒಂದು ವಿಷಯ ಬಿಟ್ಟಿದೀನಿ. ನೀನು ಅಲ್ಲಿ ಉಸಿರು ತಗೊಂಡಾಗ, ಇವಳಿಗೂ ಗೊತ್ತಿದೆಯೇನೋ ಅನ್ನಿಸ್ತು. ನಿನಗೆ ಗೊತ್ತಿಲ್ಲ. ಹಾಳೆ ಹಾಕು."

ಅವಳು ಟೈಪ್‌ರೈಟರಿಗೆ ಹಾಳೆ ಸುತ್ತಿದಳು. ಅವರು ಪಾಠ ಹೇಳುವ ದನಿಯಲ್ಲಲ್ಲ, ಮನೆಮಾತಿನಲ್ಲಿ, ನಿಂತು ನಿಂತು ಹೇಳಿದರು. "ಟೈಪ್ ಮಾಡೋಕೆ ಮುಂಚೆ ಒಂದ್ಸಲ ಕೇಳಿಸ್ಕೊ. ಆವತ್ತು ಹನ್ನೊಂದು ಜನ ಹುಡುಗರನ್ನ ಕರ್ಕೊಂಡು ಹೋಗಿದ್ದೆ. ಒಳಗೆ ಕರೆಯೋಕೆ ಮುಂಚೇನೆ ನ್ಯಾಯಾಧೀಶರು ನನ್ನೊಬ್ಬನ್ನೇ ಪಕ್ಕದ ಕೋಣೆಗೆ ಕರೆಸಿದ್ರು. ಹನ್ನೊಂದಕ್ಕೆ ಹನ್ನೊಂದೂ ಬಿಟ್ಟುಕಳಿಸಿದ್ರೆ ಪೇಪರಿನೋರು ನನ್ನ ಸುಮ್ನೆ ಬಿಡಲ್ಲ, ನಿಮಗೇ ಭರವಸೆ ಇಲ್ಲದ ಒಬ್ಬನ ಹೆಸರು ಹೇಳಿ, ಮಿಕ್ಕ ಹತ್ತು ಜನಕ್ಕೆ ತೊಂದರೆ ಮಾಡಲ್ಲ ಅಂದ್ರು. ನನಗೆ ಭರವಸೆ ಇಲ್ಲದೇ ಇದ್ದೋನು ಹೆರ್ಮನ್."

ಹೆರ್ಮನ್ ಟಾಂಟೆ ಸಾರಾಳ ಅಕ್ಕನ ಮಗ. ಈಗ ಕಾಲೇಜಿನ ಆಡಳಿತ ಸಮಿತಿಯ ಅಧ್ಯಕ್ಷ. ನೆಟಾಳ ಬೆರಳುಗಳು ಕೀಲಿಗಳ ಮೇಲೆ ಹಾಗೆಯೇ ನಿಂತವು.

"ಕುಡೀತಿದ್ದ, ಸಭೆಗೆ ಬರ್ತಿರ್ಲಿಲ್ಲ. ಅದು ಇಡೀ ಊರಿಗೆ ಗೊತ್ತಿತ್ತು. ಆದ್ರೆ ನಾನು ಆರೋನ್ ಹೆಸರು ಹೇಳ್ದೆ. ಒಂದು ಸಲ ಹೊಡೆದಿದ್ನಲ್ಲ, ಕೇಳಿದ್ರೆ ಕಾರಣ ಕೊಡೋಕೆ ಸುಲಭ ಅಂತ. ಹೇಳಿದ ಮೇಲೆ ಒಳಗೆ ನಡೆದಿದ್ದೆಲ್ಲ ಬರೀ ಆಟ. ಅವನು ತಂಗಿಗೋಸ್ಕರ ಪ್ರಾರ್ಥನೆ ಮಾಡ್ತೀನಿ ಅಂದಿದ್ರೂ ಅಷ್ಟೆ, ಹೊಡೀತೀನಿ ಅಂದಿದ್ರೂ ಅಷ್ಟೆ. ಅವನ ಉತ್ತರಕ್ಕೂ ತೀರ್ಪಿಗೂ ಸಂಬಂಧಾನೇ ಇರ್ಲಿಲ್ಲ. ಆಮೇಲೆ ನಾನು ಆ ಉತ್ತರಾನೇ ಎಲ್ಲರಿಗೂ ಹೇಳ್ತಾ ಬಂದೆ. ಹೇಳ್ತಾ ಹೇಳ್ತಾ ನನಗೂ ಅದೇ ನಿಜ ಅನ್ನಿಸಿಬಿಡ್ತು. ಬರಕೊ ಈಗ. ಹೆರ್ಮನ್ ಹೆಸರೂ ಹಾಕು."

ಮೊದಲು ಅವಳಿಗೆ ಹಗುರವೆನಿಸಿತು. ಎಷ್ಟು ಹಗುರವೆಂದರೆ ಮೇಜಿನ ಅಂಚು ಹಿಡಿದುಕೊಳ್ಳಬೇಕಾಯಿತು. ಆರೋನ್ ಸತ್ತದ್ದು ಅವಳಿಂದಾಗಿ ಅಲ್ಲ. ಕೊಟ್ಟಿಗೆಯ ಗೋಡೆ, ಎಣ್ಣೆಯ ಅಂಗೈ, ಬೂಟಿನ ದಾರ, ಯಾವುದರಿಂದಲೂ ಅಲ್ಲ. ಹತ್ತೊಂಬತ್ತರಿಂದ ಐವತ್ತಾರರವರೆಗೆ ತಾನೇ ಅವನನ್ನು ಕೊಂದವಳೆಂದು ಎದ್ದು, ಉಂಡು, ಮಲಗಿ, ಕೇಳಲು ಬಂದ ಇಬ್ಬರು ಗಂಡುಗಳನ್ನು ತಿರುಗಿಸಿ ಕಳಿಸಿ, ಈ ಮನುಷ್ಯನ ಪಕ್ಕದ ಕೋಣೆಯನ್ನೇ ತನ್ನ ಜೈಲು ಮಾಡಿಕೊಂಡು ಕೂತಿದ್ದಳಲ್ಲ. ಅದರ ಬೀಗದ ಕೈ ಅಷ್ಟೂ ವರ್ಷ ಗೋಡೆಯಾಚೆ ಕನ್ನಡಕ ಒರೆಸುತ್ತಿದ್ದವರ ಕಿಸೆಯಲ್ಲಿತ್ತು. ಹಗುರ ಹೋಗಿ ಬಂದದ್ದು ಅವಳು ಈ ತನಕ ಕಾಣದ ಸಿಟ್ಟು. ಅದಕ್ಕೆ ಬಿಸಿಯೇ ಇರಲಿಲ್ಲ. ಮಂಜುಗಡ್ಡೆಯ ಮೇಲಿಂದ ಕೆಳಗಿನ ನೀರನ್ನು ನೋಡುವಂತೆ ಮುಂದಾಗುವುದನ್ನೆಲ್ಲ ಸ್ಪಷ್ಟವಾಗಿ ಕಂಡಳು. ಈ ಹಾಳೆಯನ್ನು ಓದಿದ ದಿನ ಸಭೆಯಲ್ಲಿ ಗಂಡಸರು ಕರ್ಚೀಫು ತೆಗೆಯುತ್ತಾರೆ. ಎಂಥ ಧೈರ್ಯ, ಎಂಥ ದೀನತೆ ಎನ್ನುತ್ತಾರೆ. ಚರ್ಚಿನ ಪತ್ರಿಕೆ ಅದನ್ನು ಪೂರ್ತಿ ಅಚ್ಚು ಹಾಕುತ್ತದೆ. ಮುಂದಿನ ನವೆಂಬರಿನಿಂದ ಪಾಪನಿವೇದನೆಗೆ ದೊಡ್ಡ ಉದಾಹರಣೆಯಾಗಿ ಊಮ್ ಕೊರ್ನೀಸರನ್ನು ಪಾಠ ಮಾಡುತ್ತಾರೆ, ಆರೋನ್ ಆ ಉದಾಹರಣೆಯ ಒಂದು ಮೂಲೆಯಲ್ಲಿ ಹಾಲೆಂಡಿನ ಕಾಲುವೆಯ ಪಕ್ಕ ಇನ್ನೊಮ್ಮೆ ಸಾಯುತ್ತಾನೆ. ಈ ಮನುಷ್ಯ ಕೊಂದೂ ದೊಡ್ಡವನಾದ, ಈಗ ಕೊಂದೆ ಎಂದು ಹೇಳಿ ಇನ್ನೂ ದೊಡ್ಡವನಾಗುತ್ತಾನೆ. ಅವಳ ನಾಲ್ಕು ಸಾಲಿನ ವಿಷವನ್ನೂ ಅವಳ ಕೈಯಿಂದಲೇ ಕಿತ್ತುಕೊಂಡು ಔಷಧಿಯ ಹಾಗೆ ಕುಡಿಯುತ್ತಿದ್ದಾನೆ.

"ಹೇಳಿ," ಎಂದಳು. "ಬರ್ಕೋತೀನಿ."

ಅವರು ಹೇಳತೊಡಗಿದರು. ಅವಳು ಟೈಪ್ ಮಾಡತೊಡಗಿದಳು. 'ಮಾನ್ಯರೇ, ತಮ್ಮ ಪತ್ರ ತಲುಪಿತು. ವಿಷಯವನ್ನು ಸಮಿತಿಯ ಮುಂದೆ ಇಡಲಾಗುವುದು. ತಮ್ಮ ಆಸಕ್ತಿಗೆ ಕಾಲೇಜು ಆಭಾರಿಯಾಗಿದೆ.' ಮೂವತ್ತು ವರ್ಷ ಕಚೇರಿಯಿಂದ ಹೊರಗೆ ಹೋದ ಪತ್ರ ಅದು, ಬೆರಳುಗಳಿಗೆ ಕಣ್ಣು ಬೇಕಿರಲಿಲ್ಲ. ಅವರು ಆರೋನನ ಹೆಸರು ಹೇಳಿ ನಿಂತಾಗ ಅವಳೂ ನಿಂತಳು. ಅವರು ಮುಂದುವರಿದಾಗ 'ಮಾನ್ಯರೇ' ಎಂದು ಮತ್ತೆ ಶುರುಮಾಡಿದಳು. ಸಾಲು ಮುಗಿದಾಗ ಗಂಟೆ ಟಿಣ್ಣೆನ್ನುತ್ತಿತ್ತು. ಆ ಸದ್ದಿಗೆ ಅವರ ಮುಖದ ಒಂದೊಂದು ಗಂಟೂ ಸಡಿಲವಾಗುತ್ತಿತ್ತು. ಟಾಂಟೆ ಸಾರಾ ಕಾಫಿ, ಬನ್ನು, ಚೆರ್ರಿಹಣ್ಣಿನ ಜಾಮು ಇಟ್ಟ ತಟ್ಟೆ ಹಿಡಿದು ಯಾವಾಗ ಒಳಗೆ ಬಂದಳೋ, ಎಷ್ಟು ಕೇಳಿಸಿಕೊಂಡಳೋ ಗೊತ್ತಿಲ್ಲ. ತಟ್ಟೆಯನ್ನು ಮೇಜಿನ ಮೇಲಿಡುತ್ತ ಟೈಪ್‌ರೈಟರಿನಿಂದ ಮೇಲೆದ್ದಿದ್ದ ಹಾಳೆಯ ಮೇಲೆ ಬಗ್ಗಿದಳು. ನೆಟಾ ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವರಿಗೆ ಗೊತ್ತಾಗುತ್ತದೆ. ಸಾರಾ ಒಂದು ಸಾಲು ಓದಿದಳು, ಎರಡನೆಯದು ಓದಿದಳು. ತಲೆಯೆತ್ತಿದಳು. ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾರಾಳ ಕಣ್ಣಲ್ಲಿ ಸಿಟ್ಟು ಬರುತ್ತದೆಂದು ನೆಟಾ ಕಾದಳು, ಬಂದದ್ದು ಕೃತಜ್ಞತೆ. ಅದು ಕೆನ್ನೆಗೆ ಹೊಡೆದಂತಾಯಿತು.

"ಸಾಕು ಬಿಡೀಂದ್ರೆ," ಎಂದಳು ಸಾರಾ, ಗಂಡನ ಕಂಬಳಿ ಸರಿಮಾಡುತ್ತ. "ಎಲ್ಲಾ ಬರೆದಾಯ್ತು. ಚೆನ್ನಾಗಿ ಬರ್ಕೊಂಡಿದಾಳೆ."

"ಹೆರ್ಮನ್ ಹೆಸರು?"

"ಅದೂ ಇದೆ."

ಅವರು ಆ ಹಾಳೆಗೂ ಸಹಿ ಹಾಕಿದರು. ಮಾನ್ಯರೇ, ತಮ್ಮ ಪತ್ರ ತಲುಪಿತು; ಕೊರ್ನೇಲಿಯಸ್ ಹಾರ್ಡರ್. ಆಮೇಲೆ ಪೆನ್ನು ಕೆಳಗಿಟ್ಟು ಎರಡೂ ಕೈಗಳನ್ನು ಅವಳಿರಬಹುದಾದ ದಿಕ್ಕಿಗೆ ಚಾಚಿದರು. "ನೆಟಾ, ನಾನು ಕೇಳ್ತಿದೀನಿ. ನಿನ್ನ ಅಣ್ಣನ ವಿಷಯದಲ್ಲಿ ನನ್ನ ಕ್ಷಮಿಸಮ್ಮ."

ಕೇಳಿದ ಮೇಲೆ ಕೊಡಲೇಬೇಕು. ಅದನ್ನು ಅವಳಿಗೆ ಕಲಿಸಿದವರು ಇವರೇ. ಕೊಡದವನು ತಪ್ಪು ಮಾಡಿದವನಿಗಿಂತ ಕೆಳಗೆ ಇಳಿಯುತ್ತಾನೆ ಎಂದು ನಾಲ್ಕನೆಯ ಪುಸ್ತಕದಲ್ಲಿ ಬರೆದಿದ್ದರು, ಅದನ್ನೂ ಅವಳೇ ಟೈಪ್ ಮಾಡಿದ್ದಳು. ಚಾಚಿದ ಕೈಗಳು ಗಾಳಿಯಲ್ಲೇ ಇದ್ದವು. ಅವಳು ಹಾಳೆಗಳನ್ನು ಜೋಡಿಸಿದಳು, ಅಂಚು ಸಮ ಮಾಡಿದಳು, ಕಡತಕ್ಕೆ ದಾರ ಸುತ್ತಿದಳು.

"ನೆಟಾ?"

"ಕ್ಷಮಿಸಿದಾಳೆ ಕಣ್ರೀ," ಎಂದಳು ಸಾರಾ. "ತಲೆ ಆಡಿಸಿದ್ಲು. ಅಳ್ತಿದಾಳೆ ಪಾಪ, ಮಾತು ಬರ್ತಿಲ್ಲ ಅವಳಿಗೆ."

ನೆಟಾ ತಲೆಯಾಡಿಸಿರಲಿಲ್ಲ. ಅಳುತ್ತಲೂ ಇರಲಿಲ್ಲ. ಊಮ್ ಕೊರ್ನೀಸರು ಕೈಗಳನ್ನು ಮಡಿಲಿಗೆ ತೆಗೆದುಕೊಂಡು ಕುರ್ಚಿಗೆ ಒರಗಿದರು. ಬಹಳ ದೂರ ನಡೆದು ಬಂದವರ ಹಾಗೆ ಉಸಿರುಬಿಟ್ಟರು. ಬಾಗಿಲ ಬಳಿ ಬೂಟು ಹಾಕಿಕೊಳ್ಳುವಾಗ ಸಾರಾ ಅವಳ ಕೈಗೆ ಕಾಗದದಲ್ಲಿ ಸುತ್ತಿದ ಅರ್ಧ ಡಜನ್ ಬನ್ನು ತುರುಕಿದಳು. "ಆ ಒಂದು ಹಾಳೆ ನಂಗೆ ಕೊಟ್ಬಿಡು, ಒಲೆಗೆ ಹಾಕ್ತೀನಿ," ಎಂದಳು ಮೆಲ್ಲಗೆ. ನೆಟಾ ಹಾಳೆ ಕೊಟ್ಟಳು. ಬನ್ನನ್ನು ಬೇಡವೆನ್ನಬೇಕೆಂದಿದ್ದಳು, ಮನೆ ತಲುಪುವ ಹೊತ್ತಿಗೆ ಎರಡು ತಿಂದಿದ್ದಳು. ಅಂದು ಸಂಜೆಯೇ ಹನ್ನೊಂದನೆಯ ಪುಟವನ್ನು ಹೊಸದಾಗಿ ಟೈಪ್ ಮಾಡಿದಳು. ತನ್ನ ನಾಲ್ಕು ಸಾಲುಗಳನ್ನು ತೆಗೆದುಹಾಕಿದಳು. ಒಂದು ಚೂರು ತಪ್ಪೊಪ್ಪಿಗೆಯ ಕೀರ್ತಿಯೂ ಅವರಿಗೆ ಸಿಗಬಾರದು. ಕರ್ತನು ನನ್ನ ಹೆಗಲಿಗೆ ಭಾರ ಹೊರಿಸಿದನು, ಇಟ್ಟಿಗೆಯ ಕಟ್ಟಡವಾಯಿತು. ಅಷ್ಟೆ. ಸುಳ್ಳನ್ನು ಹೊದ್ದುಕೊಂಡೇ ಹೋಗಲಿ. ಹೋಗಬೇಕಾದಲ್ಲಿ ಹೋಗಿ ನಿಂತಾಗ, ಬರೆಸಿ ಬಂದಿದ್ದೇನೆ ಎನ್ನಲಿ. ಅಲ್ಲಿ ಅವರಿಗೆ ಕಣ್ಣು ಬರುತ್ತದಲ್ಲ, ಏನು ಬರೆದಿದೆಯೆಂದು ಆಗ ಓದಿಕೊಳ್ಳಲಿ.

ಹದಿನೈದು ದಿನಕ್ಕೆ, ಏಪ್ರಿಲಿನ ಮೊದಲ ವಾರ, ನಿದ್ದೆಯಲ್ಲೇ ಅವರ ಪ್ರಾಣ ಹೋಯಿತು. ಮುಖದಲ್ಲಿ ಎಂಥ ಶಾಂತಿಯಿತ್ತು ಎಂದು ನೋಡಿದವರೆಲ್ಲ ಹೇಳಿದರು, ಹೇಳಿದಷ್ಟೂ ಸಲ ಅವಳಿಗೆ ತಾನು ಮೋಸಹೋದೆನೆನ್ನಿಸಿತು. ಸಭೆ ತುಂಬಿತ್ತು. ಪೆಟ್ಟಿಗೆಯ ಪಕ್ಕ ನಿಂತು ಅವಳು ಹದಿನಾಲ್ಕು ಪುಟಗಳನ್ನು ಎಲ್ಲಿಯೂ ತಡವರಿಸದೆ ಓದಿದಳು. ಹನ್ನೊಂದನೆಯ ಪುಟದಲ್ಲಿ ಮಾತ್ರ ಅಭ್ಯಾಸಬಲದಿಂದ ಉಸಿರೆಳೆದುಕೊಂಡಳು. ಮುಂದಿನ ಸಾಲಿನಲ್ಲಿ ಸಮಿತಿಯ ಅಧ್ಯಕ್ಷ ಹೆರ್ಮನ್ ದಪ್ಪ ಕುತ್ತಿಗೆಗೆ ಟೈ ಬಿಗಿದುಕೊಂಡು, ಚಿಕ್ಕಮ್ಮ ಸಾರಾಳ ಕೈ ಹಿಡಿದು ಕೂತಿದ್ದ. ಮಣ್ಣಿಗಿಟ್ಟು ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಉದ್ದನೆ ಮೇಜುಗಳ ಮೇಲೆ ಬನ್ನು, ಚೀಸು, ಸಕ್ಕರೆಯ ತುಂಡು, ಕಾಫಿ. ಎಷ್ಟು ಚೆನ್ನಾಗಿ ಓದಿದೆ ನೆಟಾ ಎಂದು ಹೆಂಗಸರು ಬೆನ್ನು ಸವರಿ ಹೋದರು. ಕಾಫಿಯ ಕೆಟಲು ಹಿಡಿದು ನಿಂತಿದ್ದ ಅವಳ ಮುಂದೆ ಕೂದಲು ನರೆತ ಒಬ್ಬ ಉದ್ದನೆಯ ಗಂಡಸು ಟೋಪಿಯನ್ನು ಎರಡೂ ಕೈಯಲ್ಲಿ ತಿರುಗಿಸುತ್ತ ನಿಂತ.

"ನೀನು ಆರೋನ್ ತಂಗಿ ಅಲ್ವಾ? ನಾನು ಡೀಟ್ರಿಚ್ ಫಾಲ್ಕ್. ನೀನು ನನ್ನ ಮರ್ತಿರ್ತೀಯ. ಯುದ್ಧ ಮುಗಿದ ಮೇಲೆ ಪಶ್ಚಿಮಕ್ಕೆ ಹೋಗಿಬಿಟ್ಟೆ. ಆವತ್ತು ನ್ಯಾಯಾಧೀಶರ ಕೋಣೆ ಹೊರಗೆ ಬೆಂಚಲ್ಲಿ ಆರೋನ್ ಪಕ್ಕ ಕೂತಿದ್ದೋನು ನಾನೇ."

ಆರೋನನ ಹೆಸರನ್ನು ಈ ಕಟ್ಟಡದೊಳಗೆ ಬೇರೊಬ್ಬರ ಬಾಯಲ್ಲಿ ಅವಳು ಕೇಳಿ ಮೂವತ್ತೈದು ವರ್ಷವಾಗಿತ್ತು. ಕೆಟಲನ್ನು ಮೇಜಿನ ಮೇಲಿಟ್ಟಳು.

"ಎರಡು ದಿನ ಗಾಡಿ ಓಡಿಸ್ಕೊಂಡು ಬಂದೆ," ಎಂದ ಫಾಲ್ಕ್. "ಯಾಕೆ ಅಂತ ಕೇಳು. ಆವತ್ತು ನೀರು ಕುಡಿಯೋಕೆ ಅಂತ ಎದ್ದು ಹೋಗಿದ್ದೆ, ಪಕ್ಕದ ಕೋಣೆ ಬಾಗಿಲು ಅರ್ಧ ತೆಗೆದಿತ್ತು. ಊಮ್ ಕೊರ್ನೀಸ್ ನ್ಯಾಯಾಧೀಶರ ಹತ್ರ ಆರೋನ್ ಹೆಸರು ಹೇಳಿದ ಹಾಗೆ ಕೇಳಿಸ್ತು. ನಮ್ಮನ್ನ ಒಳಗೆ ಕರೆಯೋಕೆ ಮುಂಚೆ. ಯಾರ ಹತ್ರಾನೂ ಹೇಳ್ಲಿಲ್ಲ ನಾನು, ಹೇಳೋಕೆ ನನ್ನದೂ ತಪ್ಪಿತ್ತು, ನಾನು ಉಳ್ಕೊಂಡೋನಲ್ವಾ. ಆದ್ರೆ ಈ ಮನುಷ್ಯ ಸಾಯೋ ಮುಂಚೆ ಹೇಳೇ ಹೇಳ್ತಾರೆ ಅಂದ್ಕೊಂಡಿದ್ದೆ. ಅದನ್ನ ಕೇಳೋಕೇ ಬಂದೆ. ಅವರು ಹೇಳಿದ್ದೆಲ್ಲ ನೀನೇ ಬರ್ಕೊಂಡಿದ್ದಂತೆ. ಏನಾದ್ರೂ ಹೇಳಿದ್ರಾ? ಓದದೇ ಇದ್ದಿದ್ದು ಏನಾದ್ರೂ?"

ಮೇಜಿನ ಆ ತುದಿಯಲ್ಲಿ ಟಾಂಟೆ ಸಾರಾ ಯಾರಿಗೋ ಬನ್ನು ಬಡಿಸುತ್ತಿದ್ದವಳು ಕೈ ನಿಲ್ಲಿಸಿ ಇತ್ತ ನೋಡಿದಳು. ನೆಟಾ ಅವಳನ್ನು ನೋಡಲಿಲ್ಲ. ಎದುರಿಗೆ ನಿಂತಿದ್ದವನ ಕೋಟಿನ ಎರಡನೆಯ ಗುಂಡಿಯನ್ನು ನೋಡಿದಳು. ಬೇರೆ ಬಣ್ಣದ ದಾರದಲ್ಲಿ ಹೊಲಿದಿತ್ತು.

"ಇಲ್ಲ," ಎಂದಳು. "ಏನೂ ಹೇಳ್ಲಿಲ್ಲ."

ಫಾಲ್ಕನ ಮುಖ ನಿಧಾನವಾಗಿ ಬಿಚ್ಚಿಕೊಂಡಿತು. "ಹಾಗಾದ್ರೆ ನಾನೇ ತಪ್ಪು ಕೇಳಿಸ್ಕೊಂಡಿರಬೇಕು. ಹತ್ತೊಂಬತ್ತು ವರ್ಷ ನನಗಾವಾಗ, ಹೆದರಿಕೆ ಬೇರೆ. ಅವರು ಅರ್ಧಂಬರ್ಧ ಬರೆಸಿ ಸಹಿ ಹಾಕೋ ಪೈಕಿ ಅಲ್ಲ. ಅಯ್ಯೋ, ಎಷ್ಟು ವರ್ಷ ಆ ದೇವರಂಥ ಮನುಷ್ಯನ ಮೇಲೆ ಅನುಮಾನ ಇಟ್ಕೊಂಡು ತಿರುಗಿದೆ ನೋಡು." ಟೋಪಿಯ ಅಂಚಿನಿಂದ ಕಣ್ಣು ಒತ್ತಿಕೊಂಡ. "ನೀನೂ ಇವತ್ತು ಒಳ್ಳೇ ಉಪಕಾರ ಮಾಡ್ದೆ ನನಗೆ."

ಅವನು ಮೆಟ್ಟಿಲ ಕಡೆ ನಡೆದ. ಅವನನ್ನು ಬಿಟ್ಟರೆ ಆವತ್ತಿನ ಆ ಮಾತನ್ನು ಕಿವಿಯಾರೆ ಕೇಳಿದವರು ಈ ಭೂಮಿಯ ಮೇಲೆ ಇನ್ನಿಲ್ಲ. ಅವನು ಮೂರನೆಯ ಮೆಟ್ಟಿಲಲ್ಲಿದ್ದಾಗ ಅವಳು, "ಫಾಲ್ಕ್," ಎಂದು ಕೂಗಿದಳು. ಮೇಜಿನ ಸುತ್ತ ಮಾತು ನಿಂತಿತು. ಅವನು ತಿರುಗಿದ. ಅಷ್ಟು ಜನರ ಕಣ್ಣು ಅವಳ ಮೇಲಿತ್ತು.

"ಕಾಫಿ ಕುಡಿದು ಹೋಗಿ."

"ಬರ್ತೀನಮ್ಮ. ಮೊದಲು ಅವರ ಹತ್ರ ಹೋಗಿ ಬರ್ತೀನಿ."

ನೆಲಮಾಳಿಗೆಯ ಕಿಟಕಿ ಹೊರಗಿನ ನೆಲದ ಮಟ್ಟಕ್ಕಿತ್ತು. ಅದರಲ್ಲಿ ಅವನ ಬೂಟುಗಳಷ್ಟೇ ಕಂಡವು. ಕೆಸರನ್ನು ಬಳಸಿಕೊಂಡು, ಒದ್ದೆ ಹುಲ್ಲಿನ ಮೇಲೆ ಹೆಜ್ಜೆಯಿಡುತ್ತ, ಸ್ಮಶಾನದ ಈ ತುದಿಯ ಹೊಸ ಮಣ್ಣಿನ ಗುಡ್ಡೆಯ ಅಂಚಿಗೆ ಬಂದು ನಿಂತವು. ಸ್ವಲ್ಪ ಹೊತ್ತಿನ ಮೇಲೆ ಒಂದು ಮೊಣಕಾಲು ಕೆಳಗಿಳಿದು ಮಣ್ಣು ಮುಟ್ಟಿತು, ಆಮೇಲೆ ಇನ್ನೊಂದು.